ದೂರದ ಕೋರಿ ಮೀನು ತೊಟ್ಟಿಯಲ್ಲಿ ಮರಿ ಮಾಡಿದ ಚರಿತ್ರೆ, ಮತ್ತು ನಮ್ಮ ತುಂಗೆಯ ಪಟ್ಟೆ ಮೀನು

ಎರಡು ದಿನದಿಂದ ಮಳೆ ಬಿಡದೆ ಹೊಡೀತಾ ಇದೆ. ತೋಟಕ್ಕೆ ಔಷಧಿ ಹೊಡೆಯೋ ಹಾಗೂ ಇಲ್ಲ, ಗದ್ದೆಗೆ ಇಳಿಯೋ ಹಾಗೂ ಇಲ್ಲ. ಅದಕ್ಕೆ ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದನ್ನ ಇವತ್ತು ಬರೆದು ಮುಗಿಸ್ತೀನಿ. ಸ್ವಲ್ಪ ಉದ್ದ ಇದೆ, ಸಾವಕಾಶ ಓದಿ.

ಮನೆ ಹಿಂದಿನ ಚಪ್ಪರದಲ್ಲಿ ನಾನು ನಾಲ್ಕು ತೊಟ್ಟಿ ಇಟ್ಟು ಸಣ್ಣ ಮೀನು ಮರಿ ಮಾಡಿಸ್ತಾ ಇರೋದು ನಿಮಗೆಲ್ಲ ಗೊತ್ತು. ನೋಡೋಕೆ ಬಂದವರು ಎರಡು ಪ್ರಶ್ನೆ ಕೇಳೇ ಕೇಳ್ತಾರೆ. ತಳದಲ್ಲಿ ಮೀಸೆ ಆಡಿಸ್ಕೊಂಡು ಮರಳು ಕೆದಕೋ ಈ ಮೀನು ಎಲ್ಲಿಯದು ಅನ್ನೋದು ಒಂದು. ನಮ್ಮ ಹೊಳೆಯಲ್ಲೇ ಇದಕ್ಕಿಂತ ಚೆಂದದ ಮೀನು ಇರುವಾಗ ಅದನ್ನೇ ಯಾಕೆ ಸಾಕಬಾರದು ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಹಳೇ ಚರಿತ್ರೆಯಲ್ಲಿದೆ.

ಮೊದಲು ಮೀನಿನ ಹೆಸರು. ಅಂಗಡಿಯವರು ಇದನ್ನ ಕೋರಿ ಅಂತಾರೆ. ಘಟ್ಟದ ಕೆಳಗಿನ ನೆಂಟರಿಗೆ ಹೇಳಿದ್ರೆ ನಗ್ತಾರೆ, ತುಳುವಿನಲ್ಲಿ ಕೋರಿ ಅಂದ್ರೆ ಕೋಳಿ. ಇದರ ಪೂರ್ತಿ ಹೆಸರು ಕೋರಿಡೋರಾಸ್. ಫ್ರಾನ್ಸಿನ ಲಾಸೆಪೇಡ್ ಅನ್ನೋ ವಿದ್ವಾಂಸ 1803ರಲ್ಲಿ ಇಟ್ಟಿದ್ದು. ಗ್ರೀಕ್ ಭಾಷೆಯ ಶಿರಸ್ತ್ರಾಣ ಮತ್ತು ಚರ್ಮ ಅನ್ನೋ ಅರ್ಥದ ಎರಡು ಮಾತು ಸೇರಿಸಿ ಮಾಡಿದ ಹೆಸರು. ಮೈಮೇಲೆ ಪೊರೆ ಬದಲು ಎರಡು ಸಾಲು ಗಟ್ಟಿ ತಗಡಿನ ಹಾಗಿರುವ ಕವಚ ಇದೆ, ಹೆಂಚು ಹೊದಿಸಿದ ಹಾಗೆ. ಬೆರಳಿನಷ್ಟು ಉದ್ದ. ಹುಟ್ಟೂರು ದಕ್ಷಿಣ ಅಮೆರಿಕ.

ನನ್ನ ಹತ್ತಿರ ಇರುವ ಮಚ್ಚೆ ಕೋರಿಯ ಶಾಸ್ತ್ರೀಯ ಹೆಸರು ಪಾಲಿಯೇಟಸ್. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್ಲಿನ ದಕ್ಷಿಣ ತುದಿ, ಈ ಕಡೆಯ ತಣ್ಣಗಿನ ನದಿ ಹಳ್ಳಗಳ ಮೀನು. ಇದನ್ನ ವಿಜ್ಞಾನದ ಲೆಕ್ಕಕ್ಕೆ ತಂದವರು ಚಾರ್ಲ್ಸ್ ಡಾರ್ವಿನ್. ಹೌದು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಓದಿದ್ವಲ್ಲ, ಅದೇ ಡಾರ್ವಿನ್. ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಸುತ್ತಿದಾಗ ಸಿಕ್ಕ ಮೀನನ್ನೆಲ್ಲ ಸ್ಪಿರಿಟ್ಟಿನಲ್ಲಿ ಹಾಕಿ ಇಂಗ್ಲೆಂಡಿಗೆ ತಂದರು. ಅದನ್ನೆಲ್ಲ ಕೂತು ಪರೀಕ್ಷೆ ಮಾಡಿ ಬರೆದಿಟ್ಟವರು ಲಿಯೊನಾರ್ಡ್ ಜೆನಿನ್ಸ್ ಅನ್ನೋ ಹಳ್ಳಿ ಪಾದ್ರಿ. ಮಚ್ಚೆ ಕೋರಿಗೆ ಅವರು ಹೆಸರಿಟ್ಟಿದ್ದು 1842ರಲ್ಲಿ.

ಈ ಜೆನಿನ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬೀಗಲ್ ಹಡಗಿನಲ್ಲಿ ಹೋಗೋ ಅವಕಾಶ ಮೊದಲು ಬಂದಿದ್ದು ಅವರಿಗೇ. ಊರಿನ ಚರ್ಚಿನ ಜವಾಬ್ದಾರಿ ಬಿಟ್ಟು ಹೋಗಲಾಗದೆ ಬೇಡ ಅಂದರು, ಆಮೇಲೆ ಡಾರ್ವಿನ್ ಹೋದರು. ಜೆನಿನ್ಸ್ ಊರಲ್ಲೇ ಕೂತು ಏನು ಮಾಡಿದರು ಗೊತ್ತಾ? ಯಾವ ದಿನ ಯಾವ ಹಕ್ಕಿ ಬಂತು, ಯಾವ ಗಿಡ ಯಾವಾಗ ಹೂ ಬಿಟ್ಟಿತು, ಕಪ್ಪೆ ಯಾವಾಗ ಕೂಗಿತು, ಇದನ್ನೆಲ್ಲ ವರ್ಷಾನುವರ್ಷ ಬರೆದಿಟ್ಟು 1846ರಲ್ಲಿ ಒಂದು ಪುಸ್ತಕವನ್ನೇ ತಂದರು. ನಮ್ಮ ಹಿರಿಯರು ರೋಹಿಣಿ ಮಳೆ, ಮೃಗಶಿರ ಮಳೆ ಅಂತ ಲೆಕ್ಕ ಇಟ್ಟ ಹಾಗೆ. ವ್ಯತ್ಯಾಸ ಇಷ್ಟೆ, ಅವರು ತಾರೀಕು ಹಾಕಿ ಬರೆದಿಟ್ಟರು. ನಮ್ಮವರು ಬಾಯಲ್ಲಿ ಇಟ್ಟುಕೊಂಡರು. ಬರೆದಿಡೋ ಈ ವಿಷಯ ಮುಂದೆ ಮತ್ತೆ ಬರುತ್ತೆ.

ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಗಾಜಿನ ತೊಟ್ಟಿಯಲ್ಲಿ ನೀರುಗಿಡ, ಬಸವನಹುಳು, ಮೀನು ಮೂರನ್ನೂ ಒಟ್ಟಿಗೆ ಇಟ್ಟರೆ ನೀರು ಕೆಡದೆ ಉಳಿಯುತ್ತೆ ಅಂತ 1850ರ ಹೊತ್ತಿಗೆ ತೋರಿಸಿಕೊಟ್ಟರು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೀನಿನ ಮನೆ ಬಾಗಿಲು ತೆರೆಯಿತು. ಮಾರನೇ ವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕ ಬಂದ ಮೇಲೆ ಪಟ್ಟಣದವರ ಮನೆಯಲ್ಲೆಲ್ಲ ಗಾಜಿನ ತೊಟ್ಟಿ ಬಂತು.

ಸಾಕೋದು ಬೇರೆ, ಮರಿ ಮಾಡಿಸೋದು ಬೇರೆ. ದನ ಸಾಕಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಹೊರದೇಶದ ಮೀನನ್ನ ತೊಟ್ಟಿಯಲ್ಲಿ ಮರಿ ಮಾಡಿಸೋದರಲ್ಲಿ ಪ್ಯಾರಿಸ್ಸಿನ ಪಿಯರ್ ಕಾರ್ಬೊನ್ಯೇ ಮುಂದಾಳು. ಚೀನಾದಿಂದ ತಂದ ಪ್ಯಾರಡೈಸ್ ಮೀನನ್ನ 1869ರಲ್ಲಿ ಮರಿ ಮಾಡಿಸಿದರು. ನಮ್ಮ ಮಚ್ಚೆ ಕೋರಿ ಅದೇ ಪ್ಯಾರಿಸ್ಸಿನಲ್ಲಿ 1878ರಲ್ಲೇ ಮರಿ ಮಾಡಿದೆ. ಆಗ ಮನೆಗಳಲ್ಲಿ ಕರೆಂಟ್ ಇರಲಿಲ್ಲ, ಹೀಟರ್ ಇಲ್ಲ, ಗಾಳಿ ಬಿಡೋ ಮೋಟರ್ ಇಲ್ಲ. ಬೇರೆ ಉಷ್ಣವಲಯದ ಮೀನು ಚಳಿಗೆ ಸಾಯ್ತಾ ಇದ್ದಾಗ ಇದು ಹೇಗೆ ಬದುಕಿತು ಅಂದರೆ, ಇದು ತಣ್ಣೀರಿನ ಮೀನು. ಇನ್ನೊಂದು ಗುಣವೂ ಇದೆ. ನೀರಿನಲ್ಲಿ ಉಸಿರು ಕಮ್ಮಿ ಆದ್ರೆ ಸರ್ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಗುತ್ತೆ. ಆ ಗಾಳಿ ಕರುಳಿಗೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರುತ್ತೆ. ಉಳಿದದ್ದು ಹಿಂದಿನಿಂದ ಹೊರಗೆ ಹೋಗುತ್ತೆ. ನಮ್ಮ ಗದ್ದೆಯ ಮುರುಗೋಡು, ಚೇಳು ಮೀನು ಗಾಳಿ ಕುಡಿಯೋದನ್ನ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲ್ಲ.

ಮರಿ ಮಾಡೋದನ್ನ ಕಣ್ಣಾರೆ ಕಂಡವರಿಗೂ ನೂರು ವರ್ಷ ಒಂದು ವಿಷಯ ಬಗೆಹರಿಯಲಿಲ್ಲ. ಹೆಣ್ಣು ಮೀನು ಗಂಡಿನ ಹೊಟ್ಟೆಗೆ ಬಾಯಿ ಕಚ್ಚಿ ನಿಲ್ಲುತ್ತೆ, ಇಂಗ್ಲಿಷಿನ ಟೀ ಅಕ್ಷರದ ಹಾಗೆ. ಕೆಲವು ಕ್ಷಣ ಆದಮೇಲೆ ತನ್ನ ಹೊಟ್ಟೆಯಡಿಯ ಎರಡು ರೆಕ್ಕೆ ಜೋಡಿಸಿ ಬೊಗಸೆ ಮಾಡಿ ಅದರಲ್ಲಿ ಎರಡೋ ನಾಲ್ಕೋ ಮೊಟ್ಟೆ ಹಿಡ್ಕೊಳ್ಳುತ್ತೆ. ಆಮೇಲೆ ಗಾಜು, ಎಲೆ ಎಲ್ಲ ಮೂಸಿ ಮೂಸಿ ಒಂದು ಜಾಗಕ್ಕೆ ಅಂಟಿಸುತ್ತೆ. ಹಾಗಾದ್ರೆ ಗಂಡಿನ ವೀರ್ಯ ಮೊಟ್ಟೆಗೆ ಸೇರಿದ್ದು ಹೇಗೆ? ಹೆಣ್ಣು ಅದನ್ನ ಬಾಯಲ್ಲಿ ಇಟ್ಟುಕೊಂಡು ಗಾಜಿಗೆ ಸವರಿ, ಅದರ ಮೇಲೆ ಮೊಟ್ಟೆ ಅಂಟಿಸುತ್ತೆ ಅಂತ ಬಹಳ ಜನ ಬರೆದಿದ್ದರು. 1995ರಲ್ಲಿ ಜಪಾನಿನ ಕೋಹ್ಡಾ ಮತ್ತು ಜೊತೆಯವರು ಕಂಚು ಕೋರಿ ಅನ್ನೋ ಜಾತಿಯಲ್ಲಿ ನಿಜ ಸಂಗತಿ ಕಂಡುಹಿಡಿದರು. ಹೆಣ್ಣು ಅದನ್ನ ಕುಡಿದೇ ಬಿಡುತ್ತೆ. ಅದು ಕೆಲವೇ ಸೆಕೆಂಡಿನಲ್ಲಿ ಕರುಳು ದಾಟಿ ಹಿಂದಿನಿಂದ ಹೊರಗೆ ಬಂದು ರೆಕ್ಕೆ ಬೊಗಸೆಯ ಮೊಟ್ಟೆಗೆ ಸೇರುತ್ತೆ. ಗಾಳಿ ಹೋಗೋ ದಾರಿಯೇ ಇದಕ್ಕೂ ದಾರಿ. ದಿನಾ ತೊಟ್ಟಿ ಮುಂದೆ ಕೂತವರಿಗೂ ಕಾಣದ ಸಂಗತಿ ಅಂದ್ರೆ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಯುರೋಪಿನ ಸಾಕಣೆದಾರರು ಗಮನಿಸಿದ ದೊಡ್ಡ ಗುಟ್ಟು ಮಳೆ. ಸುಮ್ಮನೆ ಇದ್ದ ಕೋರಿ, ತೊಟ್ಟಿಯ ಅರ್ಧ ನೀರು ತೆಗೆದು ನಾಲ್ಕೈದು ಡಿಗ್ರಿ ತಣ್ಣಗಿರೋ ಹೊಸ ನೀರು ಹಾಕಿದ ರಾತ್ರಿಯೋ ಮಾರನೇ ಬೆಳಿಗ್ಗೆಯೋ ಮೊಟ್ಟೆ ಇಡುತ್ತೆ. ಹೊರಗೆ ಗುಡುಗು ಮಳೆ ಬಂದು ಗಾಳಿಯ ಒತ್ತಡ ಇಳಿದ ದಿನ ಮೊಟ್ಟೆ ಇಡೋದು ಜಾಸ್ತಿ ಅಂತಾನೂ ಬರೆದಿದ್ದಾರೆ. ಮೀನಿಗೆ ಅದು ಪ್ಯಾರಿಸ್ಸೋ ಬರ್ಲಿನ್ನೋ ಗೊತ್ತಿಲ್ಲ. ತಣ್ಣನೆ ಹೊಸ ನೀರು ಬಂತು ಅಂದ್ರೆ ಊರಲ್ಲಿ ಮಳೆ ಬಿತ್ತು, ಹಳ್ಳ ಉಕ್ಕಿತು, ಮರಿಗೆ ಮೇವಾಗುತ್ತೆ, ಇಷ್ಟೇ ಅದರ ಲೆಕ್ಕ. ನಮ್ಮ ಕಡೆ ಮುಂಗಾರಿನ ಮೊದಲ ಜೋರು ಮಳೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುತ್ತಲ್ಲ, ಅದೇ ಲೆಕ್ಕ.

ಹಾಗಾಗಿ ಕೋರಿ ಮರಿ ಮಾಡಿಸೋದಂದ್ರೆ ತೊಟ್ಟಿಯಲ್ಲಿ ಮಳೆ ತರಿಸೋದು. ಕ್ರಮ ಹೀಗಿದೆ. ಆರು ಮೀನಿನ ಗುಂಪು ಇರಲಿ, ಒಂದು ಹೆಣ್ಣಿಗೆ ಎರಡು ಗಂಡು. ಮೇಲಿಂದ ನೋಡಿದ್ರೆ ಹೆಣ್ಣು ಅಗಲ ಕಾಣುತ್ತೆ. ತಳಕ್ಕೆ ನಯವಾದ ಮರಳು ಹಾಕಿ, ಚೂಪು ಜಲ್ಲಿ ಹಾಕಿದ್ರೆ ಮೀಸೆ ಸವೆದು ಹೋಗುತ್ತೆ. ಒಂದೆರಡು ವಾರ ಜೀವಂತ ಹುಳ ಕೊಟ್ಟು ಮೈ ತುಂಬಿಸಿ. ಆಮೇಲೆ ತಣ್ಣೀರು. ಮೊಟ್ಟೆ ಗಾಜಿಗೆ ಅಂಟಿದ ಮೇಲೆ ಬೆರಳಲ್ಲಿ ಮೆತ್ತಗೆ ಉರುಳಿಸಿ ಬೇರೆ ಡಬ್ಬಿಗೆ ಹಾಕಬೇಕು, ಇಲ್ಲದಿದ್ರೆ ಅಪ್ಪ ಅಮ್ಮನೇ ತಿಂತಾವೆ. ಬೂಸ್ಟು ಹಿಡಿಯದ ಹಾಗೆ ಒಣಗಿದ ಕಾಡುಬಾದಾಮಿ ಎಲೆ ಒಂದು ತುಂಡು, ಇಲ್ಲಾ ಒಂದು ಹನಿ ಮೆಥಿಲೀನ್ ಬ್ಲೂ. ಬಿಳಿಯಾದ ಮೊಟ್ಟೆ ಆರಿಸಿ ತೆಗೀರಿ. ಮೂರರಿಂದ ಐದು ದಿನಕ್ಕೆ ಮರಿ ಒಡೆಯುತ್ತೆ. ಎರಡು ದಿನ ಹೊಟ್ಟೆಯ ಭಂಡಾರದಲ್ಲೇ ಬದುಕುತ್ತೆ, ಆಮೇಲೆ ಮೈಕ್ರೋವರ್ಮ್, ಆರ್ಟೀಮಿಯ ಮರಿ ಕೊಡಬೇಕು. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು. ಇದರಲ್ಲಿ ಬುದ್ಧಿವಂತಿಕೆಗಿಂತ ದಿನಾ ತಪ್ಪದೆ ಮಾಡೋದೇ ದೊಡ್ಡದು.

ಅಡಿಕೆಯವರಿಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ಕೊಳೆ ಔಷಧಿಯ ಮೈಲುತುತ್ತ ಅಂದ್ರೆ ತಾಮ್ರ. ಮೀನಿಗೆ ಅದು ವಿಷ, ಅದರಲ್ಲೂ ನಮ್ಮ ಮಲೆನಾಡಿನ ಸುಣ್ಣ ಕಮ್ಮಿ ಇರೋ ಮೆತ್ತನೆ ನೀರಿನಲ್ಲಿ ಇನ್ನೂ ಜಾಸ್ತಿ. ಔಷಧಿ ಕಲೆಸಿದ ಡ್ರಮ್ಮು, ಬಕೆಟ್ಟು, ಪೈಪು ಯಾವುದನ್ನೂ ಮೀನಿನ ನೀರಿಗೆ ಮುಟ್ಟಿಸಬೇಡಿ. ತೋಟದ ಪಕ್ಕದ ಸೂರಿನ ನೀರನ್ನ ಔಷಧಿ ಹೊಡೆಯೋ ದಿನಗಳಲ್ಲಿ ಹಿಡೀಬೇಡಿ. ಈ ಬೋರ್ಡೋ ಮಿಶ್ರಣವೂ ಫ್ರಾನ್ಸಿನದೇ, 1885ರಲ್ಲಿ ಮಿಲಾರ್ದೆ ದ್ರಾಕ್ಷಿ ರೋಗಕ್ಕೆ ಅಂತ ಪ್ರಕಟಿಸಿದ್ದು. ಅದನ್ನ ಮೈಸೂರು ಸೀಮೆಯ ಅಡಿಕೆ ಕೊಳೆರೋಗಕ್ಕೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ಆ ಔಷಧಿಯಿಂದ ನಮ್ಮ ತೋಟ ಉಳಿದಿದೆ, ಬೇಡ ಅಂತ ನಾನು ಹೇಳಲ್ಲ. ಡ್ರಮ್ ತೊಳೆಯೋ ಜಾಗ ಹಳ್ಳ ಆಗಬಾರದು, ಅಷ್ಟೆ.

ಮತ್ತೆ ಚರಿತ್ರೆಗೆ ಬರೋಣ. ಪ್ಯಾರಿಸ್ಸಿನ ನಂತರ ಮೀನು ಮರಿ ಮಾಡೋ ವಿದ್ಯೆ ಸಾಮಾನ್ಯರ ಕೈಗೆ ಬಂತು. ಅಮೆರಿಕದ ಫ್ಲಾರಿಡಾದಲ್ಲಿ ಟ್ಯಾಂಪಾ ಸುತ್ತ ಮಣ್ಣಿನ ಹೊಂಡ ತೋಡಿ ಅಲಂಕಾರಿಕ ಮೀನಿನ ಕೃಷಿಯೇ ಶುರುವಾಯ್ತು. ಚೆಕ್ ದೇಶದಲ್ಲಿ ಮನೆಯ ನೆಲಮಾಳಿಗೆ, ಹಿತ್ತಿಲ ಕೋಣೆಯಲ್ಲಿ ತೊಟ್ಟಿ ಇಟ್ಟು ಕುಟುಂಬಗಳು ಮರಿ ಮಾಡಿ ಹೊರದೇಶಕ್ಕೆ ಕಳಿಸೋದು ಇವತ್ತಿಗೂ ನಡೀತಾ ಇದೆ. ನಮ್ಮ ದೇಶದಲ್ಲಿ ಕೋಲ್ಕತ್ತದ ಸುತ್ತ ಹೌರಾ, ಇಪ್ಪತ್ನಾಲ್ಕು ಪರಗಣ ಜಿಲ್ಲೆಗಳಲ್ಲಿ ಹಿತ್ತಿಲ ಸಿಮೆಂಟ್ ತೊಟ್ಟಿಯೇ ಎಷ್ಟೋ ಮನೆಗಳ ಜೀವನ. ಚೆನ್ನೈನ ಕೊಳತ್ತೂರಿನಲ್ಲಿ ಬೀದಿಗಟ್ಟಲೆ ಮೀನಿನ ವ್ಯಾಪಾರ.

ಇಂಗ್ಲೆಂಡಿನ ಇಯಾನ್ ಫುಲ್ಲರ್ ಅನ್ನೋ ಹವ್ಯಾಸಿ, ಯಾವ ಕೋರಿ ಜಾತಿ ಎಂಥ ನೀರಿನಲ್ಲಿ, ಎಷ್ಟು ಉಷ್ಣತೆಯಲ್ಲಿ, ಎಲ್ಲಿ ಮೊಟ್ಟೆ ಇಟ್ಟಿತು ಅಂತ ಒಂದೊಂದನ್ನೂ ಬರೆದಿಟ್ಟು 2001ರಲ್ಲಿ ಪುಸ್ತಕ ತಂದರು. ಹೆಸರಿಡದ ಹೊಸ ಜಾತಿಗಳು ಬರ್ತಾ ಇದ್ದಾಗ ಜರ್ಮನಿಯ ಮೀನು ಪತ್ರಿಕೆಯವರು ಅವಕ್ಕೆ ನಂಬರ್ ಕೊಟ್ಟು ಗುರುತಿಟ್ಟರು. 2024ರಲ್ಲಿ ವಿಜ್ಞಾನಿಗಳು ಕೋರಿಗಳ ದೊಡ್ಡ ಕುಲವನ್ನ ಏಳು ಪಾಲು ಮಾಡಿದರು. ನನ್ನ ಮಚ್ಚೆ ಕೋರಿ ಈಗ ಕಾಗದದ ಮೇಲೆ ಹೋಪ್ಲಿಸೋಮ. ಜಮೀನು ಪಾಲಾದ ಮೇಲೂ ಮನೆ ಹೆಸರು ಹೋಗದ ಹಾಗೆ ಎಲ್ಲರ ಬಾಯಲ್ಲೂ ಕೋರಿಯೇ ಉಳಿದಿದೆ.

ಇಷ್ಟೆಲ್ಲ ಆಗಿದ್ದರಿಂದ ಏನು ಲಾಭ? ಅಂಗಡಿಯಲ್ಲಿ ಸಿಗೋ ಮಚ್ಚೆ ಕೋರಿ, ಕಂಚು ಕೋರಿ ಬಹುಪಾಲು ತೊಟ್ಟಿಯಲ್ಲೇ ಹುಟ್ಟಿದ್ದು. ಅದನ್ನ ಕೊಂಡರೆ ಯಾವ ನದಿಯೂ ಬರಿದಾಗಲ್ಲ. ಇದಕ್ಕೆ ಎದುರು ವಾದವೂ ಇದೆ, ಅದನ್ನೂ ಹೇಳ್ತೀನಿ. ಬ್ರೆಜಿಲ್ಲಿನ ರಿಯೋ ನೇಗ್ರೋ ನದಿಯ ಬಾರ್ಸೆಲೋಸ್ ಊರಿನಲ್ಲಿ ಕಾರ್ಡಿನಲ್ ಟೆಟ್ರಾ ಅನ್ನೋ ಪುಟ್ಟ ಮೀನು ಹಿಡಿದೇ ಜನ ಬದುಕ್ತಾರೆ. ಅಲ್ಲಿ ಪಿಯಾಬಾ ಅನ್ನೋ ಯೋಜನೆಯವರು ಹೇಳೋದು, ಕಾಡಿನ ಮೀನು ಮಾರಿ ಹೊಟ್ಟೆ ತುಂಬಿದ್ರೆ ಜನ ಕಾಡು ಕಡಿಯಲ್ಲ, ಮೀನು ಕೊಂಡು ಮರ ಉಳಿಸಿ ಅಂತ. ಅಲ್ಲಿಗೆ ಅದು ಸರಿ. ಆ ಮೀನು ವರ್ಷ ವರ್ಷ ಲೆಕ್ಕವಿಲ್ಲದಷ್ಟು ಹುಟ್ಟುತ್ತೆ, ನೆರೆ ಇಳಿದಾಗ ಬಹಳಷ್ಟು ತಾನಾಗೇ ಸಾಯುತ್ತೆ, ಮತ್ತೆ ಮೀನಿನ ದುಡ್ಡು ಹಿಡಿದ ಊರಿಗೇ ಹೋಗುತ್ತೆ. ಈ ಮೂರೂ ಇಲ್ಲದ ಕಡೆ ಆ ವಾದ ನಿಲ್ಲಲ್ಲ.

ಈಗ ಎರಡನೇ ಪ್ರಶ್ನೆ, ನಮ್ಮ ಹೊಳೆ ಮೀನು. ತುಂಗೆಯ ತಳದಲ್ಲಿ ಕಲ್ಲು ಸಂದಿಯಲ್ಲಿ ಇರೋ, ಮೈತುಂಬ ಸಣ್ಣ ಪಟ್ಟೆಯ ಮೀನು ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ಬೆರಳುದ್ದ, ಬಾಯ ಹತ್ತಿರ ಮೀಸೆ, ಹಿಡಿದ್ರೆ ಕಣ್ಣಿನ ಕೆಳಗಿನ ಮುಳ್ಳು ಚುಚ್ಚುತ್ತೆ. ಪ್ರಪಂಚದ ಅಕ್ವೇರಿಯಂ ಅಂಗಡಿಗಳಲ್ಲಿ ಇದರ ಹೆಸರು ಜೀಬ್ರಾ ಲೋಚ್. ಶಾಸ್ತ್ರದಲ್ಲಿ ಬೋಟಿಯಾ ಸ್ಟ್ರಯೇಟಾ. ಇದಕ್ಕೆ 1920ರಲ್ಲಿ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ಅವರಿಗೆ ಮೀನು ಸಿಕ್ಕಿದ್ದು ತುಂಗಾ ನದಿಯಲ್ಲಿ. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಗೆ ಅವರೇ ಮೊದಲ ಸಂಪಾದಕರು. ಪಶ್ಚಿಮಘಟ್ಟದ ಕಪ್ಪೆಗಳ ಮೇಲೆ ಬಹಳ ಕೆಲಸ ಮಾಡಿದ್ದರಿಂದ ಒಂದು ಮರಗಪ್ಪೆ ಕುಲಕ್ಕೆ 2010ರಲ್ಲಿ ಅವರ ಹೆಸರು ಸೇರಿಸಿ ರಾವೋರ್ಕೆಸ್ಟಿಸ್ ಅಂತ ಇಟ್ಟರು. ಇಂಥವರು ನಮ್ಮ ಊರಿನ ಹೊಳೆಗೆ ಬಂದು ಮೀನು ನೋಡಿ ಬರೆದಿದ್ದಾರೆ ಅನ್ನೋದು ನಮ್ಮ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರಪಂಚದಲ್ಲಿ ಈ ಮೀನು ಇರೋದೇ ಪಶ್ಚಿಮಘಟ್ಟದ ಕೆಲವು ನದಿಗಳಲ್ಲಿ. ನಮ್ಮ ತುಂಗೆ, ಮತ್ತೆ ಮಹಾರಾಷ್ಟ್ರದ ಕಡೆ ಕೃಷ್ಣೆಯ ಮೇಲ್ಭಾಗದ ಕೆಲವು ಹೊಳೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನದು. 2013ರಲ್ಲಿ ರಾಜೀವ್ ರಾಘವನ್ ಮತ್ತು ಜೊತೆಯವರು ಪ್ರಕಟಿಸಿದ ಲೆಕ್ಕ ಓದಿದ್ರೆ ಎದೆ ಝಲ್ ಅನ್ನುತ್ತೆ. 2005ರಿಂದ 2012ರ ನಡುವೆ ಭಾರತದಿಂದ ಅಪಾಯದಲ್ಲಿರೋ 30 ಜಾತಿಯ ಸಿಹಿನೀರು ಮೀನು 15 ಲಕ್ಷಕ್ಕೂ ಮೇಲೆ ಹೊರದೇಶಕ್ಕೆ ಹೋಗಿವೆ. ಅದರಲ್ಲಿ ದೊಡ್ಡ ಪಾಲಿನ ಜಾತಿಗಳಲ್ಲಿ ಒಂದು ಈ ನಮ್ಮ ಪಟ್ಟೆ ಮೀನು.

ಯಾಕೆ ಹೊಳೆಯಿಂದಲೇ ಹಿಡೀತಾರೆ? ಕೋರಿಯ ಹಾಗೆ ತೊಟ್ಟಿಯಲ್ಲಿ ಇದು ಸುಲಭಕ್ಕೆ ಮರಿ ಮಾಡಲ್ಲ. ಮನೆ ತೊಟ್ಟಿಯಲ್ಲಿ ತಾನಾಗಿ ಮರಿ ಮಾಡೋದು ತೀರಾ ಅಪರೂಪ. ಈ ಕುಲದ ಮೀನನ್ನ ದೊಡ್ಡ ಫಾರಂಗಳಲ್ಲಿ ಹಾರ್ಮೋನ್ ಚುಚ್ಚಿ ಮರಿ ಮಾಡಿಸ್ತಾರೆ. ಒಂದು ಬಕೆಟ್ ತಣ್ಣೀರಿಗೆ ಒಪ್ಪೋ ಮೀನಲ್ಲ ಇದು, ಇದಕ್ಕೆ ಪೂರ್ತಿ ಮಳೆಗಾಲವೇ ಬೇಕು.

ಆಗಲ್ಲ ಅಂತ ಕೈ ಬಿಡೋ ವಿಷಯವೂ ಅಲ್ಲ. ಕಾಟ್ಲಾ, ರೋಹು ಕೆರೆಗೆ ಬಿಡೋ ನಮಗೆ ಇದರ ಉದಾಹರಣೆ ಕಣ್ಣೆದುರಿಗೇ ಇದೆ. ಒಂದು ಕಾಲಕ್ಕೆ ಆ ಮರಿಗಳನ್ನೂ ಗಂಗಾ ಮುಂತಾದ ನದಿಗಳಿಂದಲೇ ಬಾಚಿ ತರಬೇಕಿತ್ತು. ಕೆರೆಯ ನಿಂತ ನೀರಿನಲ್ಲಿ ಅವು ಮೊಟ್ಟೆ ಇಡ್ತಾ ಇರಲಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಹಾರ್ಮೋನ್ ಚುಚ್ಚಿ ಗೆಂಡೆ ಮೀನು ಮರಿ ಮಾಡಿಸಿದರು. ಜುಲೈ 10ನ್ನ ಮೀನು ಕೃಷಿಕರ ದಿನ ಅಂತ ಆಚರಿಸೋದು ಇದಕ್ಕೇ. ಅಲಂಕಾರಕ್ಕೆ ಹೆಸರಾದ ಮಿಸ್ ಕೇರಳ ಮೀನನ್ನೂ ಕೇರಳದ ಮೀನುಗಾರಿಕಾ ವಿಜ್ಞಾನಿಗಳು ಇದೇ ದಾರಿಯಲ್ಲಿ ಮರಿ ಮಾಡಿಸಿದ್ದಾರೆ.

ಹಾರ್ಮೋನ್ ಕೆಲಸ ವಿಜ್ಞಾನಿಗಳದು. ನಮ್ಮ ಕೈಲಾಗೋದು ಜೆನಿನ್ಸ್ ಪಾದ್ರಿ ಮಾಡಿದ ಕೆಲಸ. ಕೋರಿಯ ಚರಿತ್ರೆ ಓದಿದ ಮೇಲೆ ನನಗೆ ಮನಸ್ಸಿಗೆ ನಾಟಿದ್ದು ಇದೇ. ದೂರದ ಆ ಮೀನು ಊರೂರಿನ ಮನೆಗಳಲ್ಲಿ ಮರಿ ಮಾಡ್ತಾ ಇರೋದು ನೂರೈವತ್ತು ವರ್ಷ ಸಾಮಾನ್ಯ ಜನ ಬಿಡದೆ ನೋಡಿ ತಾರೀಕು ಹಾಕಿ ಬರೆದಿಟ್ಟಿದ್ದರಿಂದ. ನಮ್ಮ ಪಟ್ಟೆ ಮೀನಿಗೆ ಹೆಸರು ಬಂದೇ ನೂರು ವರ್ಷ ದಾಟಿತು. ಹೊಳೆ ಪಕ್ಕದಲ್ಲೇ ಇರೋ ನಾವು ಅದರ ಬಗ್ಗೆ ಒಂದು ಸಾಲೂ ಬರೆದಿಟ್ಟಿಲ್ಲ. ಯಾವ ಮಳೆಗೆ ಹತ್ತುಮೀನು ಏರುತ್ತೆ ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀವಿ. ಅದೇ ಕಣ್ಣು ಈ ಮೀನಿನ ಮೇಲೂ ಇರಲಿ.

ಅದಕ್ಕೆ ಹೊಳೆ ಹಳ್ಳದ ಪಕ್ಕ ಜಮೀನು ಇರುವವರಲ್ಲಿ ಕೆಲವು ವಿನಂತಿ. ಪಟ್ಟೆ ಮೀನು ಕಂಡರೆ ತಾರೀಕು, ಯಾವ ಮಳೆ ನಡೀತಾ ಇತ್ತು, ನೀರು ಕೆಂಪೋ ತಿಳಿಯೋ, ತಳ ಮರಳೋ ಕಲ್ಲೋ, ಜೊತೆಯಲ್ಲಿ ಮರಿ ಇದ್ವಾ ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಹಿಡಿದು ಮಾರೋಕೆ ಯಾರಾದ್ರೂ ಆಸೆ ತೋರಿಸಿದ್ರೆ ಬೇಡ ಅನ್ನಿ. ತಳದ ಮೀನಿಗೆ ಮರಳೇ ಮನೆ, ಹೊಳೆಯ ಮರಳು ಬಾಚಿದ ಜಾಗದಲ್ಲಿ ಅದು ಇರಲ್ಲ. ಔಷಧಿ ಡ್ರಮ್ಮನ್ನ ಹಳ್ಳದಲ್ಲಿ ತೊಳೀಬೇಡಿ, ತೋಟದ ಒಳಗೇ ದೂರದಲ್ಲಿ ಗುಂಡಿ ತೆಗೆದು ಚೆಲ್ಲಿ. ಶೃಂಗೇರಿಯಲ್ಲಿ, ನಮ್ಮ ಚಿಪ್ಪಲಗುಡ್ಡೆಯಲ್ಲಿ ದೊಡ್ಡ ಮೀನನ್ನ ಯಾರೂ ಮುಟ್ಟದ ಹಾಗೆ ನೋಡಿಕೊಂಡು ಬಂದ ಊರು ನಮ್ಮದು. ಆ ಕಾಳಜಿಯಲ್ಲಿ ಸ್ವಲ್ಪ ಈ ಬೆರಳುದ್ದದ ಮೀನಿಗೂ ಸಲ್ಲಲಿ.

ಕೋರಿ ಸಾಕಬೇಕು ಅನ್ನೋರು ಧಾರಾಳ ಸಾಕಿ, ಮೊಟ್ಟೆ ಅಂಟಿಸೋದನ್ನ ನೋಡೋಕೆ ಮನೆಗೆ ಬನ್ನಿ, ಮರಿಯೂ ಕೊಡ್ತೀನಿ. ಒಂದೇ ಷರತ್ತು. ಸಾಕಿ ಬೇಜಾರಾಯ್ತು ಅಂತ ಹಳ್ಳಕ್ಕೆ, ಕೆರೆಗೆ ಬಿಡಬಾರದು, ನನಗೇ ವಾಪಸ್ ಕೊಡಿ. ತೊಟ್ಟಿ ಗಾಜು ನೆಕ್ಕೋ ಸಕ್ಕರ್ ಮೀನನ್ನ ಹಾಗೆ ಬಿಟ್ಟಿದ್ದಕ್ಕೆ ಕೇರಳ, ತಮಿಳುನಾಡು, ಆಂಧ್ರ, ಬಂಗಾಳದ ಕೆರೆ ಹೊಳೆಗಳಲ್ಲಿ ಅದೀಗ ಬಲೆ ಹರಿಯೋ ಪೀಡೆ ಆಗಿದೆ. ನಮ್ಮ ತುಂಗೆಗೆ ಆ ಗತಿ ಬರೋದು ಬೇಡ.